ಗೊಣಗಪ್ಪನ ಗಂಟಲು

ಗುಂಡಿ ಹೊಲಿಯುತ್ತಿದ್ದ ಟೇಲರನ ಹೆಂಡತಿ ಮತ್ತೆ ನಕ್ಕಳು. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಸೂಜಿ, ಮುಖದಲ್ಲಿ ಮದುವೆಯಾದ ಹೊಸದರಲ್ಲೂ ಗಂಡ ಕಾಣದಿದ್ದ ಕಳೆ.

"ಏನಂತೆ?" ಎಂದ ಟೇಲರ್, ಮಷಿನ್ ನಿಲ್ಲಿಸಿ.

"ಗೊಣಗಪ್ಪನ್ನ ಚಂದ್ರಲೋಕ ಉಳಿಸೋಕೆ ಕಳಿಸ್ತಿದಾರೆ ರೀ. 'ನನ್ನ ಮೊಣಕಾಲಿಗೆ ಎಣ್ಣೆ ಬಿಟ್ಟಿಲ್ಲ, ಬೇರೆ ಯಾರೂ ಸಿಗ್ಲಿಲ್ವಾ' ಅಂತಾನೆ."

ಗೊಣಗಪ್ಪ ಒಂದು ರೋಬೋ. ಸಂಜೆಗೊಂದು ಕಂತಿನಂತೆ ಬರುವ ಆಡಿಯೋ ಕತೆಯ ನಾಯಕ. ಶೂರನಾಗಲು ಸುತರಾಂ ಒಪ್ಪದವನು. ಇಂಥ ಮಾತನ್ನು ಟೇಲರೂ ದಿನಕ್ಕೆ ಹತ್ತು ಸಲ ಆಡುತ್ತಿದ್ದ. ಅದಕ್ಕೆ ಮಾತ್ರ ಅವಳು ಒಮ್ಮೆಯೂ ನಕ್ಕಿರಲಿಲ್ಲ.

ಹೊಟ್ಟೆಯುರಿಯನ್ನು ಪಕ್ಕದಂಗಡಿಯ ವಾಚ್ ರಿಪೇರಿಯವನ ಮುಂದೆ ತೋಡಿಕೊಂಡ.

"ರೋಬೋ ತಾನಾಗಿ ಮಾತಾಡುತ್ತೇನಯ್ಯಾ? ಒಳಗೊಬ್ಬ ಗಂಡಸು ಕೂತು ಓದ್ತಾನೆ," ಎಂದ ಅವನು, ಒಂದೇ ಕಣ್ಣಿಗೆ ಕಟ್ಟಿದ ಭೂತಗನ್ನಡಿ ಸರಿಸಿ. "ದನಿ ಕೇಳಿದ್ರೆ ಆಳು ಜೋರಾಗೇ ಇರ್ಬೇಕು. ಅವನು ಓದೋ ಸ್ಟುಡಿಯೋ, ಬಸ್ ನಿಲ್ದಾಣದ ಹಿಂದೇನೇ ಇದೆ."

ಆರುತ್ತಿದ್ದ ಕೆಂಡಕ್ಕೆ ಊದುಕೊಳವೆ ಸಿಕ್ಕಂತಾಯಿತು. ವಕೀಲರ ಕೋಟಿಗೆ ಒಂದೇ ತೋಳು ಹಚ್ಚಿ, ಇನ್ನೊಂದನ್ನು ಹೆಗಲ ಮೇಲೆ ಹಾಕಿಕೊಂಡೇ ಟೇಲರ್ ಸ್ಟುಡಿಯೋಗೆ ನುಗ್ಗಿದ.

ಅಲ್ಲಿ ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡ ಬೋಳುತಲೆಯ ಮುದುಕನೊಬ್ಬ ಕುಂಬಳಕಾಯಿಯಂತೆ ಕುಳಿತಿದ್ದ. ಗೊಣಗಪ್ಪನ ದನಿ ಇವನದೇ. ಆದರೆ ಬೆಳಗ್ಗೆಯಿಂದ ಗಂಟಲು ಕಟ್ಟಿ, ಬಾಯಿ ತೆರೆದರೆ ಬರೀ ಗಾಳಿ. ನಾನು ಸೋತಿದ್ದು ಇವನಿಗಾ ಎಂದು ಟೇಲರನ ಉರಿ ಇಮ್ಮಡಿಯಾಯಿತು.

ಅಷ್ಟರಲ್ಲಿ ಸ್ಟುಡಿಯೋ ಯಜಮಾನಿ ಓಡಿ ಬಂದಳು. "ಇವರ ಬದಲು ಓದೋಕೆ ಬಂದೋರು ನೀವೇ ತಾನೆ? ಸಂಜೆ ಕಂತು ಹೋಗ್ಬೇಕು, ಬನ್ನಿ ಒಳಗೆ."

"ನಾನು ಅದಕ್ಕೆ ಬಂದೋನಲ್ಲ. ನನ್ನಿಂದಾಗಲ್ಲ. ಬಿಟ್ಬಿಡಿ, ಮನೆಗೆ ಹೋಗ್ಬೇಕು."

"ಇದೇ ಧಾಟಿ," ಎಂದಳು ಯಜಮಾನಿ. "ಹೀಗೇ ಓದಿ."

ಕಿಟಕಿಯಿಲ್ಲದ ಕೋಣೆಯೊಳಗೆ ದಬ್ಬಿ, ಕೈಗೆ ಹಾಳೆ ಕೊಟ್ಟು, ಬಾಗಿಲು ಹಾಕಿದರು. ಟೇಲರ್ ಅಳುಕುತ್ತಲೇ ಓದಿದ. ಗಾಜಿನಾಚೆ ರೆಕಾರ್ಡ್ ಮಾಡುತ್ತಿದ್ದವನು ನಕ್ಕು ಚಹಾ ಚೆಲ್ಲಿಕೊಂಡ. ಕುಂಬಳಕಾಯಿಯೂ ಹೊಟ್ಟೆ ಹಿಡಿದು ಸದ್ದಿಲ್ಲದೆ ಅಲುಗಾಡಿತು. ಟೇಲರನ ಎದೆ ಅಂಗಿಯ ಅಳತೆ ಮೀರಿ ಉಬ್ಬಿತು. ಇವತ್ತು ಅವಳು ನಗುವುದು ತನ್ನ ಮಾತಿಗೆ.

ಸಂಜೆ ಹೆಂಡತಿ ಇಯರ್‌ಫೋನು ಸಿಕ್ಕಿಸಿಕೊಂಡಳು. ಟೇಲರ್ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಎದುರು ಕುಳಿತ. ಅವಳ ಹುಬ್ಬು ಗಂಟಾಯಿತು. ಕೊನೆಗೆ ಇಯರ್‌ಫೋನು ಕಿತ್ತಿಟ್ಟಳು.

"ಯಾಕೆ, ಚೆನ್ನಾಗಿಲ್ವಾ?"

"ಇವತ್ತು ಬೇರೆ ಯಾರೋ ಓದಿದಾನೆ. ಗೊಣಗಪ್ಪ ಗೊಣಗಿದ್ರೆ ನಗು ಬರ್ತಿತ್ತು. ಇವನದು ಬರೀ ತಕರಾರು. ಪಾಪ, ಇವನನ್ನ ಕಟ್ಕೊಂಡೋಳು ಹೇಗೆ ಬಾಳ್ತಾಳೋ."

ಗಂಡನ ಮಾತಿಗೆ ಅವಳು ಕಿವಿಗೊಟ್ಟು ಎಷ್ಟು ಕಾಲವಾಗಿತ್ತೋ, ದನಿಯ ಗುರುತೇ ಸಿಕ್ಕಿರಲಿಲ್ಲ. ನಾನೇ ಅದು ಎನ್ನಹೊರಟವನು ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದ.

ಬಾಗಿಲಲ್ಲಿ ವಾಚ್ ರಿಪೇರಿಯವನು ನಿಂತಿದ್ದ, ಮುಖ ಗಡಿಗೆಯಾಗಿತ್ತು.

"ಇವತ್ತು ಓದಿದ ಹೊಸಬ ಯಾವನು ಅಂತ ಗೊತ್ತಾ? ನನ್ನ ಹೆಂಡತಿ ಅವನ ಮಾತಿಗೆ ನಕ್ಕೂ ನಕ್ಕೂ ಅಡಿಗೆ ಸೀದು ಹೋಯ್ತು. ಎರಡನೇ ಸಲ ಬೇರೆ ಕೇಳ್ತಿದಾಳೆ. ಬೆಳಗ್ಗೆ ಸ್ಟುಡಿಯೋಗೆ ಹೋಗಿ ಅವನ ಕೈಕಾಲು ಮುರೀತೀನಿ. ನೀನೂ ಬಾ."

ಟೇಲರ್ ಮಷಿನ್ ಹಿಂದೆ ಸರಿದ. "ನನ್ನಿಂದಾಗಲ್ಲ ಕಣಯ್ಯ, ಬೇರೆ ಯಾರನ್ನಾದ್ರೂ ಕರ್ಕೊಂಡು..."

"ಹೋಗ್ಬನ್ನಿ ರೀ," ಎಂದಳು ಹೆಂಡತಿ, "ನನ್ನ ಲೆಕ್ಕದಲ್ಲೂ ಎರಡು ಏಟು ಬಿಟ್ಟು ಬನ್ನಿ."