ಮಾಮುವಿನ ನೂರ ನಲವತ್ತನಾಲ್ಕು

ನಮ್ಮ ಮಾಮುವಿಗೆ ಕಂಪ್ಯೂಟರ್ ಆನ್ ಮಾಡಲು ಬರುವುದಿಲ್ಲ. ಅವರು ಅದನ್ನು ಸ್ಟಾರ್ಟ್ ಮಾಡುತ್ತಾರೆ! ಮೊದಲು ಮೇಜಿಗೆ ಒಂದು ಸುತ್ತು, ಅದರ ಕಾಲಿಗೊಂದು ಒದೆ, ‘ಬಿಸ್ಮಿಲ್ಲಾ’, ಆಮೇಲೆ ಬಟನ್. ಯಲ್ಲಾಪುರದಿಂದ ಘಟ್ಟ ಇಳಿದು ಹತ್ತಿ ಮೂವತ್ತು ವರ್ಷ ಲಾರಿ ಓಡಿಸಿದವರು ಇನ್ನು ಹೇಗೆ ಮಾಡಿಯಾರು?

ಲಾರಿ ಬಿಟ್ಟ ಮೇಲೆ ಲಾರಿ ಓಡಿಸುವ ಗೇಮ್ ಹಿಡಿದರು. ಸ್ಟೀರಿಂಗು, ಪೆಡಲು ಎಲ್ಲ ಬಂತು. ಹುಚ್ಚು ಎನ್ನಬೇಡಿ, ಕಾರಣವಿದೆ. ಮಾಮಿಗೆ ಗಾಡಿ ಹತ್ತಿದರೆ ತಲೆಸುತ್ತು. ಮದುವೆಯಾದಾಗಿನಿಂದ ಒಮ್ಮೆಯೂ ಗಂಡನ ಲಾರಿಯಲ್ಲಿ ಕೂತವರಲ್ಲ. ಪರದೆಯ ಮೇಲಾದರೂ ಅವರನ್ನೊಮ್ಮೆ ಘಟ್ಟ ಇಳಿಸಬೇಕೆಂದು ಮಾಮುವಿನ ಆಸೆ. ಆದರೆ ಹಳೆಯ ಪರದೆಯ ಜರ್ಕಿಗೆ ಮಾಮಿ ಎರಡನೇ ತಿರುವಿನಲ್ಲೇ ಎದ್ದು ಬಚ್ಚಲಿಗೆ ಓಡಿದ್ದರು.

ಚಿತ್ರ ನುಣ್ಣಗೆ ಓಡಬೇಕಾದರೆ ನೂರ ನಲವತ್ತನಾಲ್ಕು ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ ಮಾನಿಟರ್ ಬೇಕೆಂದು ಸಲಹೆ ಕೊಟ್ಟವನು ನಾನೇ. ಶಿರಸಿಯಲ್ಲಿ ಹಳೆ ಎಲೆಕ್ಟ್ರಾನಿಕ್ ಸಾಮಾನಿನ ವ್ಯಾಪಾರ ನನ್ನದು. ಹುಬ್ಬಳ್ಳಿಯವನೊಬ್ಬನ ಹತ್ತಿರ ಚೌಕಾಸಿಗೆ ಕೂತು, ಅವನು ಅಳುವ ಹೊತ್ತಿಗೆ ಕೇಬಲ್ಲನ್ನೂ ಪುಕ್ಕಟೆ ಇಸಿದುಕೊಂಡು ಬಂದೆ.

ಮರುದಿನವೇ ಮಾಮುವಿನ ಫೋನು.

“ಏ ಬೇಟಾ, ಎಂತಾ ಮಾಲು ಕೊಡ್ಸಿದ್ಯೋ? ಪರದೆ ಮೂಲೇಲಿರೋ ಮೀಟ್ರು ಅರವತ್ತು ದಾಟ್ತಾ ಇಲ್ಲ!”

“ಮಾಮು, ಅದು ಸ್ಪೀಡಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಬರ್ತದೆ ಅಂತ ಲೆಕ್ಕ.”

“ಎಂತಾದ್ರೂ ಆಗ್ಲಿ ಮಾರಾಯ. ಯಾರೋ ಗವರ್ನರ್ ಕೂರ್ಸಿದಾರೆ. ಬಂದು ತೆಗಿ!”

ಗವರ್ನರ್ ಎಂದರೆ ಲಾರಿ ಮಿತಿ ಮೀರಿ ಓಡದಂತೆ ಇಂಜಿನ್ನಿಗೆ ಹಾಕುವ ಮೂಗುದಾರ. ಗೇಮಿಗೆ ಗವರ್ನರಂತೆ! ಯಲ್ಲಾಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗುತ್ತಲೇ ಹೋದೆ.

ಹೋಗಿ ನೋಡಿದರೆ ಮಾಮು ಸಿಪಿಯುವಿಗೆ ಕಿವಿಯಿಟ್ಟು ಕೂತಿದ್ದಾರೆ. “ಇಂಜಿನ್ ಸರಿ ಇದೆ. ನೀ ಲೈನ್ ನೋಡು.”

ಲೈನ್ ನೋಡಿದೆ. ನನ್ನ ಪುಕ್ಕಟೆ ಕೇಬಲ್ಲಿಗೆ ಅರವತ್ತರ ಮೇಲೆ ತಾಕತ್ತೇ ಇರಲಿಲ್ಲ! ನನ್ನ ಮಾತು ಕೇಳಿ: ಮಾನಿಟರಿಗೆ ಎಷ್ಟಾದರೂ ಚೌಕಾಸಿ ಮಾಡಿ, ಕೇಬಲ್ಲಿಗೆ ಬೇಡ. ಬೇರೆಯದು ತಂದು ಹಾಕಿದೆ. ಮೀಟರ್ ಅಲ್ಲಾಡಲಿಲ್ಲ. ಸೆಟ್ಟಿಂಗ್ಸಿನಲ್ಲಿ ರಿಫ್ರೆಶ್ ರೇಟ್ ಅರವತ್ತರಲ್ಲೇ ಕೂತಿತ್ತು, ಏರಿಸಿದೆ. (ಎಷ್ಟೋ ಜನ ಇದನ್ನು ಮುಟ್ಟಿಯೇ ಇರುವುದಿಲ್ಲ. ಇವತ್ತೇ ನೋಡಿಕೊಳ್ಳಿ!) ಆದರೂ ಅರವತ್ತು!

ಅಡುಗೆಮನೆಯಿಂದ ಮಾಮಿ ಕೂಗಿದರು: “ನನ್ ಸಲುವಾಗಿ ಎಂತಕ್ಕೆ ಅದ್ರ ಹೊಟ್ಟೆ ಬಗೀತೀರಿ? ನಾ ಬರೂದಿಲ್ಲ, ಹೋಗಿ!”

ಮಾಮುವಿನ ಮುಖ ಸಣ್ಣದಾಯಿತು. ನಾನು ಗೇಮಿನ ಒಳಗಿನ ಪಟ್ಟಿಯನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಕೊನೆಗೆ ಸಿಕ್ಕಿತು: ಫ್ರೇಮ್ ಮಿತಿ, ಸೆಕೆಂಡಿಗೆ ಅರವತ್ತೇ ಚಿತ್ರ.

“ಗವರ್ನರ್!” ಎಂದು ಮಾಮು ತೊಡೆ ತಟ್ಟಿದರು. ನನ್ನ ಇಷ್ಟು ವರ್ಷದ ಜಾಣತನಕ್ಕೆ ಅಲ್ಲೇ ಪಂಕ್ಚರ್! ಮಿತಿ ತೆಗೆದದ್ದೇ ತಡ, ಅಂಕಿ ಸರಸರನೆ ಏರಿ ನೂರ ನಲವತ್ತನಾಲ್ಕರಲ್ಲಿ ನಿಂತಿತು.

ಮಾಮಿಯನ್ನು ಕೈ ಹಿಡಿದು ಕರೆತಂದರು. ಅವರು ಕುರ್ಚಿಯ ತುದಿಯಲ್ಲಿ, ಮುಷ್ಟಿಯಲ್ಲೊಂದು ನಿಂಬೆಹಣ್ಣು ಹಿಡಿದು ಕೂತರು. ಒಂದನೇ ತಿರುವು. ಎರಡನೆಯದು. ಐದನೆಯದು. ನಿಂಬೆಹಣ್ಣು ಮೂಗಿನವರೆಗೆ ಹೋಗಲೇ ಇಲ್ಲ. ಆರನೆಯದರಲ್ಲಿ ಎಡಕ್ಕೆ ಪ್ರಪಾತ ಬಾಯಿ ತೆರೆಯಿತು.

“ದಿನಾ ಇಂಥಾ ಜಾಗದಲ್ಲೇ ಬರ್ತಿದ್ರಾ?”

“ಹ್ಞೂಂ.”

“ಒಂದಿನಾನೂ ಹೇಳ್ಲಿಲ್ವಲ್ಲ ನನ್ಗೆ.”

ಮಾಮು ಪೆಡಲಿನ ಮೇಲಿನ ಕಾಲನ್ನು ಮೆಲ್ಲಗೆ ಎತ್ತಿದರು. ಪರದೆಯ ಮೂಲೆಯಲ್ಲಿ ಅಂಕಿ ನೂರ ನಲವತ್ತನಾಲ್ಕೇ ಇತ್ತು. ಲಾರಿ ಮಾತ್ರ, ಮಾಮಿಯನ್ನು ಕೂರಿಸಿಕೊಂಡು, ಇಪ್ಪತ್ತರ ಸ್ಪೀಡಿನಲ್ಲಿ ಘಟ್ಟ ಇಳಿಯಿತು.