ಸಂಪಿನೊಳಗೆ ಬಾಗಿನ

ನಮ್ಮ ಸೋದರತ್ತೆಗೆ ತಲೆ ಸರಿಯಿಲ್ಲ ಅಂತ ನಾನಂತೂ ಹೇಳುವುದಿಲ್ಲ. ಅವರ ಕಟ್ಟಡದಲ್ಲೇ ವಾಸ, ಹೇಳಿ ಬದುಕಲಾದೀತೇ? ಆದರೆ ಊಟದ ಮಧ್ಯೆ ಎದ್ದು ಹೋಗಿ ನಲ್ಲಿಗೆ ಕೈಮುಗಿದು ಬರುವವರನ್ನು ನೀವಾದರೂ ಏನೆನ್ನುತ್ತೀರಿ?

ಬೆಳ್ಳಂದೂರಿನ ಹತ್ತಿರ ಅವರ ರಾಗಿಹೊಲ ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ. ಕೆಳಗೆ ಅತ್ತೆ ಮತ್ತು ನಾವು, ಮೇಲೆಲ್ಲ ಐಟಿ ಮಕ್ಕಳು. ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರೇ ನಮ್ಮ ಮನೆದೇವರು. ಬೇರೆಯವರು ಎದ್ದು ಅಂಗೈ ನೋಡಿಕೊಂಡರೆ ನಾನು ಟಾರ್ಚ್ ಹಿಡಿದು ಸಂಪು ನೋಡುತ್ತಿದ್ದೆ! ಅತ್ತೆಯೋ, ಬಂದ ನೆಂಟರಿಗೆ ಅರ್ಧ ಲೋಟ ನೀರು ಕೊಟ್ಟು, "ಬೇಕಾದ್ರೆ ಇನ್ನೂ ಕೇಳು, ಬಿಟ್ಟೆದ್ರೆ ಮಾತ್ರ ಸುಮ್ಕಿರಲ್ಲ" ಎನ್ನುತ್ತಿದ್ದರು. ತಳದಲ್ಲಿ ಒಂದು ಗುಟುಕು ಬಿಟ್ಟು ಎದ್ದ ಬೀಗರೊಬ್ಬರು ಇವರ ಕಣ್ಣು ನೋಡಿ, ನಿಂತಲ್ಲೇ ಅದನ್ನೂ ಕುಡಿದರು.

ಕಡೆಗೂ ಕಾವೇರಿ ಪೈಪು ನಮ್ಮ ಬೀದಿಗೂ ಬಂತು. ಕನ್ನಂಬಾಡಿ ಕಟ್ಟೆ ಎಲ್ಲಿ, ನಮ್ಮ ಸಂಪು ಎಲ್ಲಿ! ಮೊದಲ ನೀರು ಧೋ ಎಂದು ಬಿದ್ದಾಗ ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ? ಅಷ್ಟು ದೂರದಿಂದ ಬಂದವಳನ್ನು ಬರಿಗೈಲಿ ಒಳಗೆ ಕರೆದುಕೊಳ್ಳುವುದೇ ಎಂದು ಅತ್ತೆಗೆ ಚಿಂತೆ. ಮಾವ ತೀರಿಕೊಂಡ ಮೇಲೆ, ಗೌರಿಹಬ್ಬದಲ್ಲಿ ಹೆಂಗಸರು ಬಾಗಿನ ಕೊಟ್ಟುಕೊಳ್ಳುವ ಹೊತ್ತಿಗೆ ಸರಿಯಾಗಿ ಅಡಿಗೆಮನೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದವರು, ಅವತ್ತು ಜೋಡಿ ಮೊರ ತರಿಸಿ, ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಇಟ್ಟು ಸಂಪಿನೊಳಗೆ ಇಳಿಬಿಟ್ಟರು. ಕಟ್ಟೆಗೆ ಮುಖ್ಯಮಂತ್ರಿಗಳು ಬಾಗಿನ ಕೊಡುತ್ತಾರಲ್ಲ ಎಂದರೆ, "ಅವ್ರು ಕೊಡ್ಲಿ. ಕುಡಿಯೋರು ನಾವಲ್ವಾ?" ಎಂದರು.

ನನಗೆ ಬಂದದ್ದು ಭಕ್ತಿಯಲ್ಲ, ಮೋಟಾರಿನ ಯೋಚನೆ. ಆದದ್ದೂ ಹಾಗೇ. ರವಿಕೆ ಕಣ ಪೈಪಿನ ಬಾಯಿಗೆ ಸುತ್ತಿಕೊಂಡು ಮೋಟಾರು ಗೊರಗೊರ ಎಂದು ನಿಂತಿತು. ಅಷ್ಟರಲ್ಲಿ ಮೇಲೇರಿದ್ದು ಅರಿಶಿನದ ನೀರು! ಮೇಲಿನ ಮನೆಯ ಹುಡುಗಿ ಹಳದಿ ಮುಖ ಹೊತ್ತು ಇಳಿದು ಬಂದು, "ಆಂಟಿ, ಕಾವೇರಿ ವಾಟರ್ ಹೀಗೇ ಇರುತ್ತಾ?" ಎಂದಳು. ಅತ್ತೆ ಅವಳ ಗಲ್ಲ ಸವರಿ, ಮದುವೆ ಕಳೆ ಬಂದಿದೆ ಎಂದು ಹೇಳಿ ಕಳಿಸಿದರು.

ಈ ಮಳೆಗಾಲ ಕಟ್ಟೆ ತುಂಬಿದ ಸುದ್ದಿಗೆ ಊರೆಲ್ಲ ಹಿಗ್ಗಿತು. ನಾನು ಓಡಿಹೋಗಿ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿದೆ. ಅತ್ತೆ ಮೊರ ಹಿಡಿದು ಬಂದು ಬೀಗ ನೋಡಿದರು.

"ಮೋಟಾರ್ ಕೆಟ್ರೆ ಯಾರಿಗೂ ನೀರಿರಲ್ಲ ಅತ್ತೆ. ಬೇರೆ ಯಾರಿಗಾದ್ರೂ ಕೊಡಿ," ಎಂದೆ.

"ಬೇರೆ ಯಾರು ತಗೊಂತಾರೋ, ನನ್ನ ಕೈಯಿಂದ?"

ಲೋಕದ ಚಿಂತೆಯನ್ನೆಲ್ಲ ಮುಂಗಡವಾಗಿ ಮಾಡಿಟ್ಟುಕೊಳ್ಳುವ ನನಗೆ ಇದೊಂದು ಹೊಳೆದಿರಲೇ ಇಲ್ಲ. ಬೀಗದ ಕೈಗಾಗಿ ಜೇಬು ತಡಕಾಡುತ್ತಿದ್ದೆ. ಆಫೀಸಿಗೆ ಹೊರಟಿದ್ದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳೇನೋ. ಚಪ್ಪಲಿ ಬಿಟ್ಟು ಬಂದು, ಚೂಡಿದಾರದ ದುಪಟ್ಟಾವನ್ನೇ ಸೆರಗು ಮಾಡಿ ಅತ್ತೆಯ ಮುಂದೆ ಒಡ್ಡಿದಳು. ಅತ್ತೆ ಮೊರ ಇಟ್ಟರು. ಇಟ್ಟವರು ಕೈ ತೆಗೆಯಲಿಲ್ಲ.

"ಬಿಡಿ ಅತ್ತೆ," ಎಂದಳು ಮೆಲ್ಲಗೆ. "ನಾನು ಹಿಡ್ಕೊಂಡಿದ್ದೀನಿ."