ಹೊಗೆಪೆಟ್ಟಿಗೆ ಮತ್ತು ಅತ್ತೆಯವರ ಟಿಕೆಟ್

"ನಿಮ್ಮಮ್ಮ ಎಲ್ಲೂ ಹೋಗಲ್ಲ! ಬರೆದಿಟ್ಕೋ. ಈ ಬದರಿನಾಥ್ ಮನಸ್ಸು ಮಾಡಿದ್ರೆ ವಿಮಾನಾನೇ ನಿಲ್ಲತ್ತೆ, ಟಿಕೆಟ್ ಯಾವ ಲೆಕ್ಕ!"

ಪರದೇಶದ ಮೌಂಟ್ ಆಲ್ಬರ್ಟ್ ಬಡಾವಣೆಯ ತನ್ನ ಮನೆಯ ಅಡುಗೆಮನೆಯಲ್ಲಿ ನಿಂತು, ಸಾರಿನ ಸೌಟನ್ನು ಗದೆಯಂತೆ ಹೆಗಲಿಗೇರಿಸಿ ಬದರಿನಾಥ್ ಈ ಶಪಥ ಮಾಡಿದಾಗ, ನಾಲ್ಕು ಹನಿ ಸಾರು ಅವನ ಬಿಳಿ ಅಂಗಿಯ ಬೆನ್ನ ಮೇಲೆ ಬಿತ್ತು. ಮಹಾಪ್ರತಿಜ್ಞೆಗಳಿಗೆಲ್ಲ ಇಂಥ ಸಣ್ಣಪುಟ್ಟ ನಷ್ಟ ಇದ್ದದ್ದೇ! ಹೆಂಡತಿ ವಸುಂಧರಾ ಕಲೆಯನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. ಬೈಯಲಿಲ್ಲ. ಬೈಯುವ ಉತ್ಸಾಹವೂ ಇಲ್ಲದಷ್ಟು ಅವಳಿಗೆ ಬೇಸರವಾಗಿತ್ತು.

ವಿಷಯ ಇಷ್ಟೇ. ವಸುಂಧರಾಳ ತಾಯಿ ಪದ್ಮಾವತಮ್ಮ ಆರು ತಿಂಗಳು ಇರುತ್ತೇನೆಂದು ಮೈಸೂರಿನಿಂದ ಬಂದವರು, ಎರಡನೇ ತಿಂಗಳಿಗೇ "ಟಿಕೆಟ್ ಸ್ವಲ್ಪ ಮುಂಚೆಗೆ ಮಾಡಿಸಿಬಿಡಿ ಅಳಿಯಂದ್ರೇ" ಎಂದು ಶುರು ಮಾಡಿದ್ದರು. ಸೋಮವಾರ ಮಾಡಿಸುತ್ತೇನೆಂದು ಬದರಿನಾಥ್ ತಲೆಯಾಡಿಸಿದ್ದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ವಸುಂಧರಾಗೆ, ಡ್ಯೂಟಿ ಮುಗಿಸಿ ಬಂದಾಗ ಬಾಗಿಲು ತೆಗೆಯಲು ಅಮ್ಮ ಇರುವುದೇ ದೊಡ್ಡ ಸುಖ. ಬದರಿನಾಥನಿಗೂ ಅತ್ತೆಯೆಂದರೆ ಜೀವ. ಹೆಂಡತಿ ತರಾಟೆಗೆ ತೆಗೆದುಕೊಂಡಾಗ ಆ ಮನೆಯಲ್ಲಿ ಅವನ ಪರವಾಗಿ ವಕಾಲತ್ತು ವಹಿಸುತ್ತಿದ್ದದ್ದು ಅವರೊಬ್ಬರೇ!

"ಯಾಕಮ್ಮ ಹೋಗ್ಬೇಕು ನಿಂಗೆ?" ಎಂದು ಮಗಳು ಕೇಳಿದ್ದಳು.

"ಇಲ್ಲಿ ನಂಗೇನೇ ಕೆಲಸ? ದೇವರಿಗೆ ದೀಪ ಹಚ್ಚಿದ್ರೆ ಮುಗೀತು, ಆಮೇಲೆ ದಸರಾ ಬೊಂಬೆ ಥರ ಕೂತಿರೋದು. ಮೈಸೂರಲ್ಲಾಗಿದ್ರೆ ಇಷ್ಟೊತ್ತಿಗೆ ಬದನೆಕಾಯಿ ಸುಟ್ಟು ಗೊಜ್ಜು ಮಾಡಿರ್ತಿದ್ದೆ. ನಿಮ್ಮ ಗಾಜಿನ ಒಲೇಲಿ ಬೆಂಕಿನೇ ಇಲ್ಲ!"

ಈ ಉತ್ತರಕ್ಕೆ ಎರಡು ಭಾಗಗಳಿದ್ದವು. ಬದರಿನಾಥನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ. ಅವನು ಈಸ್ಟ್ ತಮಾಕಿ ಎಂಬಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಲೋಕದ ಸಕಲ ಕಷ್ಟಗಳಿಗೂ ಒಂದು ಯಂತ್ರವಿದೆ, ಅದನ್ನು ಕೊಂಡರೆ ಮುಗಿಯಿತು ಎಂದು ನಂಬಿದವನು. ಪದ್ಮಾವತಮ್ಮ ಪಾತ್ರೆಗೆ ಕೈ ಹಾಕಿದರೆ "ಬಿಡಿ ಅತ್ತೆ, ಡಿಶ್‌ವಾಷರ್ ಇದೆ!" ಪೊರಕೆ ಹುಡುಕಿದರೆ "ಕೂತ್ಕೊಳ್ಳಿ ಅತ್ತೆ, ರೋಬೋ ಗುಡಿಸತ್ತೆ!" ಲಟ್ಟಣಿಗೆ ಹಿಡಿದರೆ "ಅಯ್ಯೋ, ಚಪಾತಿಗೆ ಮೆಷೀನ್ ತಂದಿದೀನಲ್ಲ!" ಅತ್ತೆಗೆ ರಾಣಿಯಂಥ ವಿಶ್ರಾಂತಿ ಕೊಡುತ್ತಿದ್ದೇನೆಂದು ಅವನಿಗೆ ಒಳಗೊಳಗೇ ಹೆಮ್ಮೆ.

"ರೀ, ಅಮ್ಮನ ತೊಂದ್ರೆ ಬದನೆಕಾಯಿ ಅಲ್ಲ ಅನ್ಸತ್ತೆ."

"ನೂರಕ್ಕೆ ನೂರು ಬದನೆಕಾಯಿನೇ! ಹೊಗೆ ವಾಸನೆಯ ಗೊಜ್ಜು ಒಂದು ತುತ್ತು ಬಾಯಿಗೆ ಬಿದ್ರೆ ಸಾಕು, ಅತ್ತೆ ಇಲ್ಲೇ ಠಿಕಾಣಿ ಹೂಡ್ತಾರೆ. ಹೊಗೆಯಲ್ಲೇ ಬೇಯಿಸೋ ಎಲೆಕ್ಟ್ರಿಕ್ ಸ್ಮೋಕರ್ ತರ್ತೀನಿ!"

ಆಫೀಸಿನ ಗೆಳೆಯ ರಾಮಮೂರ್ತಿ, ನ್ಯೂ ಲಿನ್‌ನಲ್ಲಿ ಯಾರೋ ಹಳೆಯದೊಂದನ್ನು ಮಾರುತ್ತಿದ್ದಾರೆಂದು ಸುಳಿವು ಕೊಟ್ಟ. ಬದರಿನಾಥ್ ಹೋಗಿ ಅದರ ಬಾಗಿಲು ತೆಗೆದ. ಒಳಗಿನಿಂದ ಒಂದಿಡೀ ಸಮುದ್ರದ ಮೀನುಗಳ ವಂಶಾವಳಿ ಮೂಗಿಗೆ ಹೊಡೆಯಿತು! ಇದನ್ನು ಮನೆಗೆ ತಂದರೆ ಅತ್ತೆ ಟಿಕೆಟ್‌ಗೂ ಕಾಯುವುದಿಲ್ಲ, ನಡೆದುಕೊಂಡೇ ಮೈಸೂರಿಗೆ ಹೊರಡುತ್ತಾರೆ ಎಂದುಕೊಂಡು, ಮೂಗು ಹಿಡಿದು ವಾಪಸ್ ಬಂದ. ಹೊಸದೇ ಆಗಬೇಕು! ಮೀನು ಮುಟ್ಟದ, ಪರಿಶುದ್ಧ ಸ್ಮೋಕರ್!

ಅಂಗಡಿಯಲ್ಲಿ ಮಾರುವ ಹುಡುಗ ಉತ್ಸಾಹದಿಂದ ಕೇಳಿದ: "ಏನು ಸ್ಮೋಕ್ ಮಾಡ್ತೀರಿ ಮೇಟ್? ಸ್ನ್ಯಾಪರ್? ಕಹವಾಯ್?"

"ಬ್ರಿಂಜಾಲ್."

ಹುಡುಗ ಹುಬ್ಬು ಗಂಟಿಕ್ಕಿದ. "ಅದು ಯಾವ ಕಡೆ ಸಿಗೋ ಮೀನು?"

"ಮೀನಲ್ಲಪ್ಪ, ತರಕಾರಿ! ನೀವು ಎಗ್‌ಪ್ಲಾಂಟ್ ಅಂತೀರಲ್ಲ, ಅದು."

"ಬರೀ ಎಗ್‌ಪ್ಲಾಂಟಾ?" ಎಂದ ಹುಡುಗ, ಆನೆ ಕೊಂಡು ಅದರ ಮೇಲೆ ಒಂದು ಕೊತ್ತಂಬರಿ ಕಟ್ಟು ಹೊರಿಸುವವನನ್ನು ನೋಡುವಂತೆ ಬದರಿನಾಥನನ್ನು ನೋಡಿದ. ಆದರೂ ಮೂರು ಮಾದರಿ ತೋರಿಸಿದ. ಬದರಿನಾಥ್ ಅತಿ ಹೆಚ್ಚು ಬಟನ್ ಇದ್ದದ್ದನ್ನು ಆರಿಸಿದ. ಚಿಕ್ಕ ಫ್ರಿಜ್ಜಿನಷ್ಟೆತ್ತರದ ಕಪ್ಪು ಪೆಟ್ಟಿಗೆ, ತಳದಲ್ಲಿ ಮರದ ಚಕ್ಕೆ ಹಾಕಲು ಒಂದು ತಟ್ಟೆ, ಅದರಡಿಯಲ್ಲಿ ಕಾಯುವ ಕಾಯಿಲ್. ಜೊತೆಗೆ, ಘಮದ ಹೊಗೆಗೆಂದು ಒಂದು ಚೀಲ ಅಲ್ಲಿನ ಮಾನುಕಾ ಮರದ ಚಕ್ಕೆ. ದಪ್ಪನೆಯ ಕೈಪಿಡಿಯೂ ಇತ್ತು. ಕೈಪಿಡಿ ಇರುವುದು ಬಳಸುವವರಿಗೆ, ಇಂಜಿನಿಯರುಗಳಿಗಲ್ಲ ಎಂದು ಅವನು ಅದನ್ನು ಕಾರಿನಲ್ಲೇ ಬಿಟ್ಟ.

ಮನೆಗೆ ಬಂದ ಯಂತ್ರಕ್ಕೆ ಪದ್ಮಾವತಮ್ಮ ಅರಿಶಿನ ಕುಂಕುಮ ಇಟ್ಟು, ನಾಲ್ಕು ಕಾಲಿನಡಿ ನಾಲ್ಕು ನಿಂಬೆಹಣ್ಣು ಇರಿಸಿ ಮಂಗಳಾರತಿ ಎತ್ತಿದರು. "ಇದರಲ್ಲೇನು ಮಾಡ್ತಾರೆ ಅಳಿಯಂದ್ರೇ?" ಎಂದು ಕೇಳಿದರು. "ಸರ್‌ಪ್ರೈಸ್ ಅತ್ತೆ! ನೀವು ಸುಮ್ನೆ ಕೂತ್ಕೊಳ್ಳಿ!" ಎಂದ ಬದರಿನಾಥ್. ಅವರು ಸುಮ್ಮನೆ ಕೂತರು. ಬೇರೇನು ಮಾಡುವುದು?

ಶನಿವಾರ ಬೆಳಿಗ್ಗೆ ವಸುಂಧರಾ ಡ್ಯೂಟಿಗೆ ಹೋದಳು. ಶಾಲೆಗೆ ರಜೆಯಾದ್ದರಿಂದ ಮಗಳು ಗಾನವಿ ಅಜ್ಜಿಯ ಜೊತೆ ಮನೆಯಲ್ಲಿದ್ದಳು. ಬದರಿನಾಥ್ ಮಾನುಕಾ ಚಕ್ಕೆಗಳನ್ನೆಲ್ಲ ಸ್ಟೀಲ್ ಪಾತ್ರೆಯಲ್ಲಿ ನೆನೆಹಾಕಿ, ಬದನೆಕಾಯಿ ತರಲು ಹೋದ. ಶೀತವಾಗಿದ್ದ ಅವನು ಬೆಳಗಿನಿಂದ ಕೆಮ್ಮುತ್ತಿದ್ದ. ವಾಪಸ್ ಬಂದಾಗ ಅತ್ತೆ ಬಿಸಿಬಿಸಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮೆಣಸು, ಜೀರಿಗೆ, ಬೆಲ್ಲದ ಘಮ! ಬದರಿನಾಥ್ ಒಂದೇ ಉಸಿರಿಗೆ ಕುಡಿದ.

"ಅದ್ಭುತ ಅತ್ತೆ! ಗಂಟಲು ಬಿಟ್ಟೇಹೋಯ್ತು. ಇನ್ನೊಂದು ಲೋಟ ಕೊಡಿ."

ಎರಡನೇ ಲೋಟವೂ ಖಾಲಿಯಾದ ಮೇಲೆ ಅವನು ಪಾತ್ರೆ ಹುಡುಕತೊಡಗಿದ.

"ಅತ್ತೆ, ಇಲ್ಲಿ ಚಕ್ಕೆ ನೆನೆಹಾಕಿದ್ನಲ್ಲ?"

"ಹೂಂ, ಕಷಾಯಕ್ಕೆ ಅಂತ ನೀವೇ ನೆನೆಹಾಕಿದ್ರಲ್ಲ. ಚೆನ್ನಾಗಿ ಕುದಿಸಿ ಇಳಿಸಿಬಿಟ್ಟೆ. ಚರಟ ಕಸಕ್ಕೆ ಹಾಕ್ದೆ. ಯಾವ ಮರದ್ದು? ಒಗರು ಕಮ್ಮಿ."

ಬದರಿನಾಥ್ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಬದನೆಕಾಯಿಗೆ ಸೇರಬೇಕಾದ ಮಾನುಕಾ ಅಲ್ಲಿ ಬೆಚ್ಚಗೆ ಕೂತಿತ್ತು! ಅತ್ತೆಗೆ ಏನು ಹೇಳುವುದು? ಆ ಮನೆಯಲ್ಲಿ ಅವರು ಮಾಡಲು ಸಿಕ್ಕಿದ ಒಂದೇ ಒಂದು ಕೆಲಸ ಅದು, ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಬಂದಿತ್ತು. "ಯಾವುದೋ ಒಳ್ಳೇ ಮರ ಅತ್ತೆ" ಎಂದು ತೇಲಿಸಿದ.

ಆದರೆ ಹೊಗೆ? ಹೊರಗೆ ಮಳೆ ಹನಿಯತೊಡಗಿತ್ತು. ಸ್ಮೋಕರನ್ನು ಗರಾಜಿಗೆ ಎಳೆದು ತಂದ. ಅಲ್ಲೇ ಹಗ್ಗದ ಮೇಲೆ ವಸುಂಧರಾಳ ನರ್ಸ್ ಅಂಗಿಗಳು, ಮಗಳ ಯೂನಿಫಾರ್ಮು, ಮನೆಯ ಪರದೆಗಳು ಒಣಗುತ್ತಿದ್ದವು. ಮೂಲೆಯಲ್ಲಿ ಒಂದು ಡಬ್ಬ. ಅದರ ತುಂಬ, ಯಾವುದನ್ನೂ ಬಿಸಾಡದ ಅತ್ತೆ ಕೂಡಿಟ್ಟಿದ್ದ ತೆಂಗಿನ ಚಿಪ್ಪು ಮತ್ತು ನಾರು! ಬದರಿನಾಥನ ಬುದ್ಧಿ ಮಿಂಚಿತು. ಮೈಸೂರಿನ ಬದನೆಕಾಯಿಗೆ ಮಾನುಕಾ ಯಾಕೆ? ತೆಂಗಿನ ಹೊಗೆಯೇ ಸರಿ! ತಟ್ಟೆಯಲ್ಲಿ ಹಿಡಿಸುವಷ್ಟು ತುಂಬಿ, ಹಿಡಿಸದಿದ್ದದ್ದನ್ನು ತುರುಕಿ, ಮೇಲೆ ಬದನೆಕಾಯಿ ಜೋಡಿಸಿ, ಹೊಗೆ ಪೋಲಾಗಬಾರದೆಂದು ಕಂಡ ಕಿಂಡಿಯನ್ನೆಲ್ಲ ಮುಚ್ಚಿ, ಉಷ್ಣತೆಯನ್ನು ಕೊನೆಯ ಗೆರೆಗೆ ಏರಿಸಿದ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅದೇ ಅವನನ್ನು ಕೆಡಿಸಿತು. ಬೆಂದಿದೆಯೋ ಇಲ್ಲವೋ ಎಂದು ಬಾಗಿಲು ತೆರೆದ. ಗಾಳಿ ಸಿಕ್ಕಿದ್ದೇ ತಡ ಚಿಪ್ಪುಗಳು ಭಗ್ ಎಂದವು! ಹೆದರಿ ದಡಾರನೆ ಮುಚ್ಚಿದ. ಬೆಂಕಿ ಉಸಿರುಗಟ್ಟಿ ಹೊಗೆಯಾಯಿತು. ಆ ಹೊಗೆ ಸಂದುಗೊಂದಿನಿಂದೆಲ್ಲ ನುಗ್ಗಿ ಗರಾಜ್ ತುಂಬಿತು, ಒಳಬಾಗಿಲಿನಿಂದ ಹಜಾರಕ್ಕೆ ಹೋಯಿತು, ಮೆಟ್ಟಿಲು ಹತ್ತಿತು. ಮನೆಯಲ್ಲಿದ್ದ ಅಷ್ಟೂ ಸ್ಮೋಕ್ ಅಲಾರಮ್ಮುಗಳು ಒಟ್ಟಿಗೆ ಕೂಗತೊಡಗಿದವು! ಬದರಿನಾಥ್ ಪ್ಲಗ್ ಕಿತ್ತು, ಗರಾಜಿನ ಬಾಗಿಲೆತ್ತಿ, ಟವೆಲ್ ಬೀಸುತ್ತ ಕುಣಿಯತೊಡಗಿದ.

ಗಾನವಿಗೆ ಶಾಲೆಯಲ್ಲಿ ಬೆಂಕಿಯ ಪಾಠ ಆಗಿತ್ತು. ಅವಳು ಒಂದಕ್ಷರವನ್ನೂ ಮರೆತಿರಲಿಲ್ಲ. ನೆಲಕ್ಕೆ ಬಗ್ಗಿ, ಅಜ್ಜಿಯನ್ನೂ ಬಗ್ಗಿಸಿ, ತೆವಳಿಸಿಕೊಂಡು ಹೊರಗೆ ಲೆಟರ್‌ಬಾಕ್ಸಿನ ಹತ್ತಿರ ತಂದು ನಿಲ್ಲಿಸಿದಳು. ಪದ್ಮಾವತಮ್ಮ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಕಷಾಯದ ಫ್ಲಾಸ್ಕು ಹಿಡಿದೇ ತೆವಳಿದ್ದರು.

"ಬೆಂಕಿ ಇಲ್ಲ ಪುಟ್ಟಿ, ಬರೀ ಹೊಗೆ! ಒಳಗೆ ಬನ್ನಿ!" ಎಂದು ಬದರಿನಾಥ್ ಕೂಗಿದ.

"ನೋ ಅಪ್ಪಾ! ಐ ಆಲ್ರೆಡಿ ಕಾಲ್ಡ್ ಒನ್ ಒನ್ ಒನ್!"

ಫೈರ್ ಇಂಜಿನ್ ಬಂದೇ ಬಂತು. ರಸ್ತೆಯ ಜನರೆಲ್ಲ ಹೊರಗೆ ಬಂದರು. ಪಕ್ಕದ ಮನೆಯ ಟ್ರೆವರ್, ಆಜನ್ಮ ಮೀನು ಹೊಗೆ ಹಾಕಿದವನು, ಬೇಲಿಯ ಮೇಲಿಂದ ಮೂಗೆಳೆದು, "ಯಾವ ಮೀನು ಮೇಟ್?" ಎಂದು ಕೇಳಿದ. ಆರಡಿ ಮೀರಿದ ಅಧಿಕಾರಿಯೊಬ್ಬ ಗರಾಜಿಗೆ ನುಗ್ಗಿ, ಸ್ಮೋಕರನ್ನು ಅಂಗಳಕ್ಕೆ ತಂದು, ದಪ್ಪ ಕೈಗವಸಿನಲ್ಲಿ ಒಂದು ಬದನೆಕಾಯಿ ಎತ್ತಿ ಹಿಡಿದ. "ಇದು ಯಾರ ಎಗ್‌ಪ್ಲಾಂಟ್?"

ಬದರಿನಾಥ್ ತಲೆ ತಗ್ಗಿಸಿ ಕೈ ಎತ್ತಿದ. ಪದ್ಮಾವತಮ್ಮ ಮುಂದೆ ಬಂದು ಬದನೆಕಾಯಿ ಇಸಕೊಂಡು, ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಹಸಿ ಇದೆ" ಎಂದರು.

ಅಂಗಿಗಳು ಹದವಾಗಿ ಹೊಗೆಯಾಡಿದ್ದವು. ಪರದೆಗಳು, ಸೋಫಾ, ಹಾಸಿಗೆ, ರೋಬೋ, ಅಳಿಯ, ಎಲ್ಲವಕ್ಕೂ ಹೊಗೆ ಚೆನ್ನಾಗಿ ಹಿಡಿದಿತ್ತು. ಬದನೆಕಾಯಿ ಮಾತ್ರ ಹಸಿ!

ಅಷ್ಟರಲ್ಲಿ ಡ್ಯೂಟಿ ಮುಗಿಸಿದ ವಸುಂಧರಾ ರೈಲಿಳಿದು ಓಡಿ ಬಂದಳು. ಬಂದವಳೇ ಅಮ್ಮನನ್ನು ತಬ್ಬಿದಳು, ಮಗಳನ್ನು ತಬ್ಬಿದಳು, ಗಂಡನ ಕಣ್ಣುಗಳನ್ನು ಬಿಡಿಸಿ ನೋಡಿದಳು, ಉಸಿರು ಸರಿಯಾಗಿದೆಯೇ ಎಂದು ಎದೆಗೆ ಕಿವಿಯಿಟ್ಟಳು. ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ಬೈಯಲು ಶುರು ಮಾಡಿದಳು.

"ಏನ್ರೀ ಇದು?"

"ಏನಿಲ್ಲ, ಸ್ವಲ್ಪ ಹೊಗೆ ಆಯ್ತು ಅಷ್ಟೆ."

"ಸ್ವಲ್ಪಾನಾ? ಸ್ಟೇಷನ್ನಿಂದಾನೇ ಕಾಣಿಸ್ತಿತ್ತು! ಯಾರ ಮನೆ ಪಾಪ ಅಂತ ಮರುಗ್ತಾ ಬಂದೆ. ನೋಡಿದ್ರೆ ನಮ್ದೇ!"

ಅತ್ತ ಪದ್ಮಾವತಮ್ಮ ಫ್ಲಾಸ್ಕಿನ ಮುಚ್ಚಳದಲ್ಲಿ ಅಧಿಕಾರಿಗೆ ಕಷಾಯ ಕೊಡುತ್ತಿದ್ದರು. ಅವನು ಕುಡಿದು, "ಬ್ಯೂಟಿಫುಲ್! ಏನು ಹಾಕಿದೀರಿ?" ಎಂದ. ಬದರಿನಾಥ್ ಮಳೆಯನ್ನು ನೋಡುತ್ತ ನಿಂತ.

ಎಲ್ಲರೂ ಹೋದ ಮೇಲೆ, ಕಿಟಕಿಗಳನ್ನೆಲ್ಲ ತೆರೆದಿಟ್ಟು ಮನೆಯವರು ಕಂಬಳಿ ಹೊದ್ದು ಕೂತರು. ಬದರಿನಾಥನಿಗೆ ನಿಜಕ್ಕೂ ಅಳು ಬಂತು. ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡ.

"ಅತ್ತೆ, ಸೋತೆ. ನೀವು ಇರ್ಲಿ ಅಂತಲೇ ಇದೆಲ್ಲ ಮಾಡ್ದೆ. ಒಂದು ಗೊಜ್ಜು ತಿನ್ನಿಸೋಕೂ ನನ್ನ ಕೈಲಾಗ್ಲಿಲ್ಲ. ಸೋಮವಾರ ಟಿಕೆಟ್ ಬದಲಾಯಿಸ್ತೀನಿ."

ಪದ್ಮಾವತಮ್ಮ ಆಗಲೇ ಸೀರೆ ಎತ್ತಿ ಸಿಕ್ಕಿಸಿಕೊಂಡಿದ್ದರು. "ಯಾರು ಹೋಗೋದು? ಈ ಪರದೆ ವಾಸನೆ ನಿಮ್ಮ ವಾಷಿಂಗ್ ಮೆಷೀನಿಗೆ ಬಗ್ಗತ್ತಾ? ಸೀಗೆ ಪುಡಿ ಹಾಕಿ ಕೈಲೇ ಒಗೀಬೇಕು. ಗೋಡೆ ಒರೆಸ್ಬೇಕು. ಹಾಸಿಗೆ ಬಿಸಿಲಿಗೆ ಹಾಕ್ಬೇಕು, ನಿಮ್ಮೂರಲ್ಲಿ ಬಿಸಿಲು ಬಂದಾಗ. ಮಗೂಗೆ ತಲೆಗೆ ನೀರು ಹಾಕ್ಬೇಕು. ನಾಲ್ಕು ತಿಂಗಳು ಸಾಲಲ್ಲ ನಂಗೆ!"

ವಸುಂಧರಾ ಕಣ್ಣರಳಿಸಿ ಅಮ್ಮನನ್ನು ನೋಡಿದಳು. ಎರಡು ತಿಂಗಳಿಂದ ಕಾಣದ ಅಮ್ಮ ಅಲ್ಲಿ ನಿಂತಿದ್ದರು. ಅವಳಿಗೆ ಆ ಹೊಗೆ ನಾರುವ ಮನೆಯೇ ಚಂದ ಕಂಡಿತು.

"ಈ ಮನೇಲಿರೋದೆಲ್ಲ ನನ್ನ ಕೈಯಿಂದ ಕೆಲಸ ಕಿತ್ಕೊಳ್ಳೋವೇ ಅಂದ್ಕೊಂಡಿದ್ದೆ" ಎಂದರು ಪದ್ಮಾವತಮ್ಮ. "ಕೈ ತುಂಬ ಕೆಲಸ ಕೊಡೋದೂ ಒಂದಿದೆ ಅಂತ ಇವತ್ತು ಗೊತ್ತಾಯ್ತು."

ಬದರಿನಾಥ್ ಕಂಬಳಿಯೊಳಗೇ ಉಬ್ಬಿದ. "ಸ್ಮೋಕರ್ ತಾನೆ ಅತ್ತೆ? ಅದಕ್ಕೆ ಎರಡು ವರ್ಷ ವಾರಂಟಿ ಬೇರೆ ಇದೆ!"

"ಅದಲ್ಲಪ್ಪ, ನೀವು. ನಿಮಗೆ ವಾರಂಟಿ ಇದ್ಯೋ ಇಲ್ವೋ ನನ್ನ ಮಗಳನ್ನೇ ಕೇಳ್ಬೇಕು."

"ಇಲ್ಲಮ್ಮ" ಎಂದಳು ವಸುಂಧರಾ, ಗಂಡನ ಕೆನ್ನೆಯ ಮಸಿ ಒರೆಸುತ್ತ. "ಅವರಮ್ಮನ್ನ ಯಾವಾಗ್ಲೋ ಕೇಳಿದೀನಿ. ವಾಪಸ್ ತಗೊಳಲ್ವಂತೆ!"